ಬಳೆಗೂ ಬಾಗಿಲಿಗೂ ಒಂದು ಗಂಟು

ಫೆಬ್ರವರಿ 6

ನನ್ನ ಗೂಬೆಮರಿಗೆ,

ನಿನ್ನ ಪತ್ರ ಎರಡು ದಿನದಿಂದ ಮೇಜಿನ ಮೇಲೆ ಕೂತು ನನ್ನನ್ನು ಅಣಕಿಸುತ್ತಿದೆ. “ಬಳೆ ಮತ್ತು ಬಾಗಿಲು. ಗಂಟು ಹಾಕು, ಆಗದಿದ್ದರೆ ಸೋತೆ ಅಂತ ಬರೆದು ಸಹಿ ಮಾಡಿ ಕಳಿಸು” ಅಂತೀಯಲ್ಲ, ಎಷ್ಟು ಕೊಬ್ಬೇ ನಿನಗೆ! ಸಂಬಂಧವೇ ಇಲ್ಲದ ಎರಡು ವಸ್ತು ಹಿಡಿದು ಅವುಗಳ ನಡುವೆ ಗಂಟು ಹಾಕುವ ಈ ಆಟವನ್ನು ನಿನಗೆ ಕಲಿಸಿದವಳು ನಾನು. ನನಗೇ ತಿರುಗಿಸುತ್ತೀಯಾ?

ನಿಮ್ಮಮ್ಮ ಫೋನಿನಲ್ಲೇ ಆಡಿ ಅಂದಳಂತೆ. ಫೋನಿನಲ್ಲಿ ನನ್ನ ಕಿವಿಗೆ ಬರೀ ಕರಕರ ಕೇಳಿಸುತ್ತದೆ. ನಮಗೆ ಪತ್ರವೇ ಸರಿ.

ಇಗೋ, ನನ್ನ ಗಂಟು. ನಾನು ಜೀವಮಾನವೆಲ್ಲ ಕೆಲಸ ಮಾಡಿದ ಕನ್ನಡಕದ ಅಂಗಡಿಯ ಗೋಡೆಗೆ ಒಂದು ಹಾಳೆ ತೂಗುಹಾಕಿತ್ತು. ಓದು ಬಾರದವರಿಗೂ ಆಗಲಿ ಅಂತ ಅದರಲ್ಲಿ ಅಕ್ಷರಗಳೇ ಇಲ್ಲ, ಬರೀ ಉಂಗುರಗಳು. ಮೇಲೆ ದೊಡ್ಡದು, ಕೆಳಗೆ ಹೋಗುತ್ತಾ ಹೋಗುತ್ತಾ ಸಾಸಿವೆಯಷ್ಟು. ಪ್ರತಿ ಉಂಗುರಕ್ಕೂ ಯಾವುದೋ ಒಂದು ಕಡೆ ಬಾಯಿ ತೆರೆದಿರುತ್ತಿತ್ತು. ಬಂದವರನ್ನು ದೂರದಲ್ಲಿ ನಿಲ್ಲಿಸಿ ಕೇಳುತ್ತಿದ್ದೆ: “ಬಳೆಯ ಬಾಗಿಲು ಯಾವ ಕಡೆಗಿದೆ ಹೇಳಿ. ಮೇಲಾ, ಕೆಳಗಾ, ಎಡಕ್ಕಾ, ಬಲಕ್ಕಾ?” ಬಳೆ, ಬಾಗಿಲು. ಆಯಿತಲ್ಲ ಗಂಟು? ಈಗ ಸೋತೆ ಅಂತ ನೀನು ಸಹಿ ಮಾಡು.

ಒಮ್ಮೆ ಒಬ್ಬ ಪಡ್ಡೆ ಹುಡುಗ ಬಂದಿದ್ದ. ಕನ್ನಡಕ ಹಾಕಿದರೆ ಹುಡುಗಿಯರು ತಿರುಗಿಯೂ ನೋಡುವುದಿಲ್ಲ ಅಂತ ಅವನಿಗೆ ಭಯ. ಸರದಿಯಲ್ಲಿ ಕೂತು, ಹಿಂದಿನವರು ಹೇಳಿದ್ದನ್ನೆಲ್ಲ ಬಾಯಿಪಾಠ ಮಾಡಿಕೊಂಡು, ತನ್ನ ಸರದಿ ಬಂದಾಗ ಪಟಪಟ ಒಪ್ಪಿಸಿದ. ನಾನು ಹಾಳೆಯನ್ನು ತಲೆಕೆಳಗು ಮಾಡಿ ತೂಗುಹಾಕಿದೆ. ಉಂಗುರ ಹೇಗಿಟ್ಟರೂ ಉಂಗುರವೇ, ಬಾಗಿಲು ಮಾತ್ರ ಎಲ್ಲೆಲ್ಲೋ ಹೋಗಿಬಿಡುತ್ತದೆ. ಅವನ ಮುಖ ನೋಡಬೇಕಿತ್ತು ನೀನು! ಇದು ನನ್ನದೇ ಉಪಾಯ, ನಮ್ಮ ಮಾಲೀಕರಿಗೂ ಹೊಳೆದಿರಲಿಲ್ಲ.

ಈಗ ನಿನಗೆ: ನನ್ನ ಮೊಣಕಾಲು ಮತ್ತು ಅಡುಗೆಮನೆಯ ಬಾಗಿಲು. ಹಾಕು ನೋಡೋಣ.

ನಿನ್ನ ಅಜ್ಜಿ

*

ಫೆಬ್ರವರಿ 19

ಪ್ರೀತಿಯ ಅಜ್ಜಿ,

ನಿನ್ನ ಮೊಣಕಾಲು, ಅಡುಗೆಮನೆಯ ಬಾಗಿಲು: ಮಳೆ ಬರುತ್ತದೆ ಅಂತ ಇಬ್ಬರಿಗೂ ಮೊದಲೇ ಗೊತ್ತಾಗುತ್ತದೆ, ಇಬ್ಬರೂ ಕಿರ್ ಅನ್ನುತ್ತಾರೆ. ಇದಕ್ಕೆ ಯೋಚನೆಯನ್ನೇ ಮಾಡಲಿಲ್ಲ, ಹಲ್ಲುಜ್ಜುವಾಗಲೇ ಬಂತು. ಕಷ್ಟದ್ದು ಕೊಡಜ್ಜಿ.

ನಾನೇ ಮಾಡಿದ ಒಂದು ಗಂಟು ಹೇಳಲಾ? ಬಟ್ಟೆ ಒಣಗಿಸುವ ಕ್ಲಿಪ್ಪು ಮತ್ತು ನಮ್ಮ ಹೆಡ್‌ಮಿಸ್. ಇಬ್ಬರೂ ಕಿವಿ ಹಿಡಿದು ನೇತುಹಾಕುತ್ತಾರೆ. ಅಪ್ಪನಿಗೆ ಹೇಳಿದೆ, ಕುಡಿಯುತ್ತಿದ್ದ ಟೀ ಮೂಗಿಗೆ ಹತ್ತುವಷ್ಟು ನಕ್ಕರು.

ಇನ್ನೊಂದಿದೆ. ಅಪ್ಪ ಮತ್ತು ಕೆಳಗಿನ ಮನೆಯ ಬೆಕ್ಕಿನ ಮರಿ. ಇಬ್ಬರೂ ಮುಟ್ಟಿ ಮುಟ್ಟಿ ನೋಡುತ್ತಾರೆ! ಮರಿ ಇನ್ನೂ ಸರಿಯಾಗಿ ಕಣ್ಣು ಬಿಟ್ಟಿಲ್ಲ, ಅದಕ್ಕೆ. ಅಪ್ಪ ಯಾಕೋ ಗೊತ್ತಿಲ್ಲ. ಸಂಜೆ ಮೆಟ್ಟಿಲು ಇಳಿಯುವಾಗ ಗೋಡೆ ಮುಟ್ಟುತ್ತಾರೆ, ಲೋಟ ಮುಟ್ಟಿಕೊಂಡೇ ಟೀ ಬಗ್ಗಿಸುತ್ತಾರೆ. ಮೊನ್ನೆ ಅಂಚೆಪೆಟ್ಟಿಗೆಗೆ ಕೈಯೆತ್ತಿ ನಮಸ್ಕಾರ ಮಾಡಿದರು. ನಾನು ಬಿದ್ದು ಬಿದ್ದು ನಕ್ಕೆ.

ಶಾಲೆ ಬಿಟ್ಟ ಮೇಲೆ ಈಗ ನಾನು ದಿನಾ ಅಪ್ಪನ ಬಸ್ಸಿನಲ್ಲೇ ಬರುವುದು, ಗೊತ್ತಾ? ಡ್ರೈವರಿನ ಪಕ್ಕದ ಮುಂದಿನ ಸೀಟು ನನ್ನದೇ. ನಾವು ಒಂದು ಆಟ ಕಂಡುಹಿಡಿದಿದ್ದೇವೆ. ನಾನು ಹಾಡು ಹೇಳುತ್ತಾ ಇರಬೇಕು. ರಸ್ತೆಗೆ ಯಾರಾದರೂ ಅಡ್ಡ ಬಂದರೆ ಹಾಡು ನಿಲ್ಲಿಸಬೇಕು. ಅಪ್ಪ ತಕ್ಷಣ ಬ್ರೇಕ್ ಹಾಕುತ್ತಾರೆ. ನಾನು ಇದುವರೆಗೂ ಸೋತಿಲ್ಲ.

ಈಗ ನಿನಗೆ ಮಹಾ ಕಷ್ಟದ್ದು: ಅಪ್ಪ ಗಡ್ಡ ಹೆರೆಯುವುದು ಮತ್ತು ನನ್ನ ಕುಂಟಾಟ. ಇದರ ಹಿಂದೆ ಒಂದು ಗುಟ್ಟಿದೆ. ಅದನ್ನು ಮಾತ್ರ ಕೇಳಬೇಡ, ಅಮ್ಮನಿಗೂ ಹೇಳುವುದಿಲ್ಲ ಅಂತ ಅಪ್ಪನ ಕೈ ಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದೇನೆ.

ನಿನ್ನ ಗೂಬೆಮರಿ

*

ಫೆಬ್ರವರಿ 24

ಗೂಬೆಮರಿ,

ಸೋತೆ ಕಣೇ. ಇಗೋ ಬರೆದು ಸಹಿ ಮಾಡಿದ್ದೇನೆ, ಬೇಕಾದರೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿಕೋ. ಗಡ್ಡಕ್ಕೂ ಕುಂಟಾಟಕ್ಕೂ ನನ್ನ ಮುದಿ ತಲೆಯಲ್ಲಿ ಯಾವ ಗಂಟೂ ಬೀಳುತ್ತಿಲ್ಲ.

ನಿನ್ನ ಗುಟ್ಟು ನನಗೆ ಬೇಡ. ಆದರೆ ಆ ಕುಂಟಾಟ ಹೇಗೆ ಅಂತಾದರೂ ಬರೆ. ಎಲ್ಲಿಂದ ಶುರು, ಯಾವ ಕಡೆಗೆ ಹಾರುವುದು, ಎಲ್ಲ ಬರೆ. ನನ್ನ ಮೊಣಕಾಲಿಗೆ ಆಗದಿದ್ದರೂ ಬೆರಳಲ್ಲಿ ಮೇಜಿನ ಮೇಲೆ ಆಡಿಕೊಳ್ಳುತ್ತೇನೆ.

ಬಸ್ಸು ಸಂಜೆ ತುಂಬಿರುತ್ತದಾ? ನಿಮ್ಮ ಶಾಲೆಯ ಬೇರೆ ಮಕ್ಕಳೂ ಅದರಲ್ಲೇ ಬರುತ್ತಾರಾ? ಸುಮ್ಮನೆ ಕೇಳಿದೆ.

ಬೇಗ ಬರೆ.

ಅಜ್ಜಿ

*

ಮಾರ್ಚ್ 5

ಸೋತ ಅಜ್ಜಿಗೆ,

ಹೇ! ಹೇ! ಹೇ! ನಿನ್ನ ಸಹಿಯನ್ನು ಅಮ್ಮನಿಗೆ, ಅಪ್ಪನಿಗೆ, ಕೆಳಗಿನ ಮನೆಯವರಿಗೆ, ಬೆಕ್ಕಿನ ಮರಿಗೆ ಎಲ್ಲರಿಗೂ ತೋರಿಸಿದೆ. ಮರಿ ಈಗ ಕಣ್ಣು ಬಿಟ್ಟಿದೆ, ಅದು ನೋಡಿತು.

ಕುಂಟಾಟ ಹೀಗೆ. ನಮ್ಮ ಮಹಡಿಯ ಕಾರಿಡಾರಿನಲ್ಲಿ ನೆಲದ ಕಲ್ಲುಗಳು ಚೌಕ ಚೌಕ ಇವೆಯಲ್ಲ, ಅಲ್ಲಿ. ಬೆಳಿಗ್ಗೆ ಅಪ್ಪ ಗಡ್ಡ ಹೆರೆಯುತ್ತಾ ಗೊಣಗುತ್ತಾರೆ, ನಾನು ಅದಕ್ಕೆ ತಕ್ಕ ಹಾಗೆ ಹಾರುತ್ತೇನೆ. ಮೊದಲು ಒಂದೇ ಹಾರು: ಬಲ. ಆಮೇಲೆ ಎರಡು: ಕೆಳಗೆ, ಎಡ. ಆಮೇಲೆ ಮೂರು: ಮೇಲೆ, ಬಲ, ಕೆಳಗೆ. ಆಮೇಲೆ: ಎಡ, ಎಡ, ಮೇಲೆ, ಬಲ. ಆಮೇಲೆ: ಕೆಳಗೆ, ಮೇಲೆ, ಎಡ, ಕೆಳಗೆ, ಬಲ. ಇನ್ನೂ ಇದೆ, ಆದರೆ ಅಷ್ಟು ಹೊತ್ತಿಗೆ ಅಪ್ಪನ ಗಡ್ಡ ಮುಗಿದಿರುತ್ತದೆ. ಅಪ್ಪ ತಪ್ಪಿದರೆ ನಾನೇ ತಿದ್ದುತ್ತೇನೆ. ನಾನು ಒಂದು ಸಲವೂ ತಪ್ಪಿಲ್ಲ.

ಇದರಲ್ಲಿ ಮೋಸ ಏನೂ ಇಲ್ಲ ಅಜ್ಜಿ. ಪರೀಕ್ಷೆ ಇದ್ದರೆ ಎಲ್ಲರೂ ಬಾಯಿಪಾಠ ಮಾಡುತ್ತಾರಲ್ಲ, ನಾನೂ ಮಗ್ಗಿ ಮಾಡುತ್ತೇನೆ. ಅಯ್ಯೋ, ಇಷ್ಟೇ, ಇನ್ನು ಹೇಳಲ್ಲ.

ಬಸ್ಸು ತುಂಬಿರುತ್ತದೆ. ನಮ್ಮ ಶಾಲೆಯವರೂ ಇರುತ್ತಾರೆ, ಆಸ್ಪತ್ರೆಯಿಂದ ಕೆಲಸ ಮುಗಿಸಿ ಬರುವ ಆಯಾಗಳೂ ಇರುತ್ತಾರೆ, ಅವರು ನನ್ನ ಹಾಡಿಗೆ ಚಪ್ಪಾಳೆ ತಟ್ಟುತ್ತಾರೆ. ಸೋಮವಾರ ಮಾತ್ರ ನನಗೆ ಕೆಮ್ಮು ಬಂದು ಹಾಡು ನಿಂತುಹೋಯಿತು. ಅಪ್ಪ ಸುಮ್ಮನೆ ಬ್ರೇಕ್ ಹಾಕಿಬಿಟ್ಟರು, ಎಲ್ಲರೂ ಮುಗ್ಗರಿಸಿ ಬೈದರು. ಮಂಗಳವಾರ ಒಬ್ಬ ಸೈಕಲ್ಲಿನವನು ಅಡ್ಡ ಬಂದ, ನಾನು ಸರಿಯಾಗಿ ನಿಲ್ಲಿಸಿದೆ. ಬಸ್ಸಿಳಿದ ಮೇಲೆ ಅಪ್ಪ ನನ್ನನ್ನು ಗಟ್ಟಿಯಾಗಿ ಹಿಡಿದುಕೊಂಡು, “ನೀನೇ ಕಣೇ ನನ್ನ ಕಣ್ಣು” ಅಂದರು. ಅಪ್ಪ ಹಾಗೆ ಯಾವತ್ತೂ ಹೇಳಿರಲಿಲ್ಲ ಅಜ್ಜಿ. ನನಗೆ ಎಷ್ಟು ಖುಷಿಯಾಯಿತು ಅಂದರೆ ಊಟವೇ ಸೇರಲಿಲ್ಲ.

ಗೆದ್ದ ಗೂಬೆಮರಿ

*

ಮಾರ್ಚ್ 28

ಗೂಬೆಮರಿ,

ಬರೆಯುವುದು ತಡವಾಯಿತು. ಇಲ್ಲಿ ವಿಪರೀತ ಗಾಳಿ. ಪಕ್ಕದ ಮನೆಯವರು ಸುಣ್ಣಬಣ್ಣ ಮಾಡಿಸುತ್ತಿದ್ದಾರೆ, ಆ ವಾಸನೆಗೆ ತಲೆ ಸಿಡಿಯುತ್ತದೆ. ನಿನಗೆ ಒಂದು ಸ್ವೆಟರ್ ಶುರು ಮಾಡಿದ್ದೇನೆ, ತೋಳಿನ ಅಳತೆ ಕಳಿಸು.

ಕುಂಟಾಟ ಚೆನ್ನಾಗಿದೆ.

ಒಂದು ಮಾತು ಕೇಳು. ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಕೂರಬೇಡ. ಹಿಂದೆ ಹೋಗಿ ಕೂತುಕೋ. ಆಗುವುದಾದರೆ ಇನ್ನೊಂದು ಬಸ್ಸಿನಲ್ಲೇ ಬಾ. ಯಾಕೆ ಏನು ಅಂತ ಕೇಳಬೇಡ, ದೊಡ್ಡವರು ಹೇಳಿದ್ದನ್ನು ಕೇಳಬೇಕು.

ನಿನಗೊಂದು ಗಂಟು: ಸೂಜಿ ಮತ್ತು ಅಜ್ಜಿ. ನಿಧಾನವಾಗಿ ಯೋಚನೆ ಮಾಡಿ ಹಾಕು. ಅವಸರವೇನಿಲ್ಲ.

ಅಜ್ಜಿ

*

ಏಪ್ರಿಲ್ 14

ಅಜ್ಜಿ,

ಅಪ್ಪನಿಂದ ಬಸ್ಸು ಕಿತ್ತುಕೊಂಡರು.

ಡಿಪೋದಲ್ಲಿ ಕಣ್ಣಿನ ಪರೀಕ್ಷೆ ಮೇ ತಿಂಗಳಲ್ಲಿ ಇತ್ತು. ಇದ್ದಕ್ಕಿದ್ದ ಹಾಗೆ ಹೋದ ವಾರವೇ ಕರೆದರು, ಅಪ್ಪನನ್ನು ಒಬ್ಬರನ್ನೇ. ರಾತ್ರಿ ಅಪ್ಪ ಅಮ್ಮನಿಗೆ ಹೇಳುತ್ತಿದ್ದರು, ನಾನು ಬಾಗಿಲ ಹತ್ತಿರ ಇದ್ದೆ. “ಹಾಳೇನ ತಲೆಕೆಳಗೆ ತೂಗುಹಾಕಿದ್ರು ಕಣೇ. ದೊಡ್ಡ ಉಂಗುರ ಕೆಳಗಡೆ ಇತ್ತು. ನಾನು ಪೆದ್ದನ ಥರ ನಿಂತುಬಿಟ್ಟೆ. ಇಷ್ಟು ವರ್ಷದಲ್ಲಿ ಯಾರಿಗೂ ಹಾಗೆ ಮಾಡಿಲ್ಲ ಅವರು. ಯಾರು ಹೇಳಿಕೊಟ್ರೋ!”

ಅಮ್ಮ, “ಬಾಯಿಪಾಠ ಮಾಡಿದ್ದು ಯಾರಿಗೆ ಗೊತ್ತಿತ್ತು?” ಅಂತ ಕೇಳಿದರು. ಅಪ್ಪ ಬಾಗಿಲ ಕಡೆ ತಿರುಗಿದರು. ನಾನು ಅವರಿಗೆ ಕಾಣಿಸಿದೆನೋ ಇಲ್ಲವೋ ಗೊತ್ತಿಲ್ಲ.

ಅಜ್ಜಿ, ಅದು ನನಗೆ ಒಬ್ಬಳಿಗೇ ಗೊತ್ತಿದ್ದದ್ದು. ಅಪ್ಪ ನನ್ನನ್ನು ಕರೆದುಕೊಂಡು ಕಣ್ಣು ತೋರಿಸಲು ಹೋಗಿದ್ದ ಆಸ್ಪತ್ರೆಯಲ್ಲಿ ಆ ಹಾಳೆ ಇತ್ತು. ಅಪ್ಪನಿಗೆ ಕೆಳಗಿನ ಸಾಲುಗಳು ಕಾಣುತ್ತಿರಲಿಲ್ಲ, ನಾನು ನೋಡಿ ನೋಡಿ ಬರೆದುಕೊಟ್ಟೆ. ಅದಕ್ಕೇ ನಮ್ಮಿಬ್ಬರ ಗುಟ್ಟು. ಅವತ್ತಿನಿಂದ ಅಪ್ಪ ನನ್ನ ಜೊತೆ ಮಾತಾಡುತ್ತಿಲ್ಲ. ಬೈದಿದ್ದರೆ ವಾಸಿಯಾಗಿತ್ತು. “ಉಪ್ಪು ಕೊಡು” ಅಂತ ಅಮ್ಮನಿಗೆ ಹೇಳುತ್ತಾರೆ, ಉಪ್ಪು ನನ್ನ ಮುಂದೆಯೇ ಇರುತ್ತದೆ.

ನಾನು ಯೋಚನೆ ಮಾಡಿದೆ. ತಲೆಕೆಳಗಿನ ಹಾಳೆ, ಮತ್ತು ಮುಂದಿನ ಸೀಟಿನಲ್ಲಿ ಕೂರಬೇಡ ಅಂದದ್ದು, ಮತ್ತು ಸೋತೆ ಅಂತ ನೀನು ಸುಮ್ಮನೆ ಸಹಿ ಮಾಡಿದ್ದು. ಮೂರನ್ನೂ ಸೇರಿಸಿ ಗಂಟು ಹಾಕಿದೆ. ನೀನೇ ಕಲಿಸಿದ್ದಲ್ಲ.

ನೀನಲ್ಲ ಅಂತ ಬರೆ ಅಜ್ಜಿ. ನೀನೇ ಆಗಿದ್ದರೆ, ನಾನು ಹೇಳಿಲ್ಲ ಅಂತ ಅಪ್ಪನಿಗೆ ಬರೆ.

ಸೂಜಿ ಮತ್ತು ಅಜ್ಜಿ: ಇಬ್ಬರೂ ಚುಚ್ಚುವುದು ಹಿಂದಿನಿಂದ.

ಗೂಬೆಮರಿ

*

ಏಪ್ರಿಲ್ 20

ನನ್ನ ಬಂಗಾರಿ,

ಹೀಗೆಲ್ಲ ಬರೆಯಬಹುದಾ ಅಜ್ಜಿಗೆ? 

ಹಾಳೆ ತಲೆಕೆಳಗು ಮಾಡುವುದೇನು ಮಹಾ ವಿದ್ಯೆಯಾ? ಡಿಪೋ ಡಾಕ್ಟರಿಗೂ ತಲೆ ಇರುತ್ತದೆ, ಅವರಿಗೂ ಹೊಳೆದಿರಬಹುದು. ಎಲ್ಲ ಕಡೆಯೂ ಅದೇ ಅಚ್ಚಿನ ಹಾಳೆಯೇ ಇರುವುದು. ಬಾಯಿಪಾಠ ಮಾಡುವವರು ನಿಮ್ಮಪ್ಪನೊಬ್ಬನೇ ಏನಲ್ಲ. ಚಿಕ್ಕ ಮಕ್ಕಳು ಸಂಬಂಧವಿಲ್ಲದ್ದಕ್ಕೆಲ್ಲ ಗಂಟು ಹಾಕಬಾರದು.

ಕೆಲಸ ಹೋಗಲಿಲ್ಲವಲ್ಲ, ಬೇರೆ ಕೆಲಸಕ್ಕೆ ಹಾಕುತ್ತಾರೆ. ಅಪ್ಪ ಎರಡು ದಿನ ಮುನಿಸಿಕೊಂಡಿದ್ದು ಸರಿಹೋಗುತ್ತಾನೆ. ಅವನು ಚಿಕ್ಕಂದಿನಿಂದಲೂ ಹಾಗೇ, ಮೂಗಿನ ತುದಿಯಲ್ಲೇ ಕೋಪ.

ಸ್ವೆಟರಿನ ತೋಳಿನ ಅಳತೆ ನೀನು ಕಳಿಸಲೇ ಇಲ್ಲ.

ಅಜ್ಜಿ

*

ಮೇ 11

ಗೂಬೆಮರಿ,

ನೀನು ಬರೆಯುತ್ತಿಲ್ಲ. ಅಂಚೆಯವನು ನನ್ನನ್ನು ದೂರದಿಂದ ನೋಡಿಯೇ ತಲೆಯಾಡಿಸಿ ಸೈಕಲ್ ತಿರುಗಿಸಿಕೊಂಡು ಹೋಗುತ್ತಾನೆ. ಸಾಕು. ಹೋದ ಪತ್ರದಲ್ಲಿ ಬರೆದದ್ದು ಸುಳ್ಳು. ನಾನೇ ಮಾಡಿದ್ದು.

ಬಲ. ಕೆಳಗೆ, ಎಡ. ಮೇಲೆ, ಬಲ, ಕೆಳಗೆ. ನಿನ್ನ ಪತ್ರದಲ್ಲಿ ಅಷ್ಟು ಓದುವ ಹೊತ್ತಿಗೆ ಮುಂದಿನದು ನನ್ನ ಬಾಯಲ್ಲಿತ್ತು. ಆ ಹಾಳೆಯ ಮುಂದೆ ನಾನು ಆಯುಷ್ಯ ಕಳೆದಿದ್ದೇನೆ ಕಣೇ, ನನಗೆ ಗೊತ್ತಾಗದೆ ಇರುತ್ತದಾ? ನೀನು ಕುಂಟಾಟ ಅಂತ ಸಂಭ್ರಮದಿಂದ ಬರೆದಿದ್ದೆ. ನನಗೆ ಕಂಡದ್ದು ಕಣ್ಣು ಕಾಣದ ಡ್ರೈವರು, ತುಂಬಿದ ಬಸ್ಸು, ಮುಂದಿನ ಸೀಟಿನಲ್ಲಿ ಹಾಡುವ ಒಂದು ಮಗು. ನಿನಗೆ ಕೆಮ್ಮು ಬಂದರೆ ಬಸ್ಸು ನಿಲ್ಲುತ್ತದೆ. ನಿನಗೆ ನಿದ್ದೆ ಬಂದಿದ್ದರೆ?

ಮೊದಲು ನಿಮ್ಮಪ್ಪನಿಗೇ ಬರೆದೆ. ನಿನ್ನ ಹೆಸರು ಎತ್ತಲಿಲ್ಲ. ಕಣ್ಣು ಹೇಗಿದೆ, ಒಂದು ಸಲ ಬಾ, ನಾನೇ ನೋಡುತ್ತೇನೆ ಅಂದೆ. ಉತ್ತರ ಬಂತು: “ಅಮ್ಮಾ, ನನ್ನದು ಹದ್ದಿನ ಕಣ್ಣು, ನೀನು ಆರಾಮಾಗಿರು.” ಹೆತ್ತ ತಾಯಿಗೆ, ಅದೂ ಕನ್ನಡಕದಂಗಡಿಯವಳಿಗೆ, ಹಾಗೆ ಸುಳ್ಳು ಬರೆದ. ಎಷ್ಟು ಉರಿಯಿತು ಅಂತೀಯ! ಎದುರಿಗೆ ಬಂದು “ಅಮ್ಮಾ” ಅಂದುಬಿಟ್ಟರೆ ನಾನು ಕರಗಿಹೋಗುತ್ತೇನೆ ಅಂತಲೂ ಗೊತ್ತಿತ್ತು. ಅದಕ್ಕೇ ನೇರವಾಗಿ ಡಿಪೋ ಡಾಕ್ಟರಿಗೆ ಬರೆದೆ. ಹಾಳೆ ತಿರುಗಿಸಿ ಹಾಕಿ ಅಂತ ಹೇಳಿಕೊಟ್ಟದ್ದೂ ನಾನೇ.

ಬಸ್ಸಿನ ವಿಷಯಕ್ಕೆ ನಾನು ಕ್ಷಮೆ ಕೇಳುವುದಿಲ್ಲ. ನಾಳೆ ಇಂಥದ್ದೇ ಬಂದರೂ ಹಾಗೇ ಮಾಡುತ್ತೇನೆ. ಆದರೆ ಸೋತೆ ಅಂತ ನಾಟಕ ಮಾಡಿ ನಿನ್ನ ಬಾಯಿ ಬಿಡಿಸಿದೆನಲ್ಲ, ಅದು ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿದೆ. “ಇದು ನಿನ್ನ ಗುಟ್ಟು, ಆದರೆ ನಾನು ಹೇಳಲೇಬೇಕು ಮಗಾ” ಅಂತ ನಿನಗೆ ಮೊದಲು ಹೇಳಬೇಕಿತ್ತು. ನಿನ್ನ ಬುದ್ಧಿಗೆ ಅಷ್ಟು ಮರ್ಯಾದೆ ಕೊಡಬೇಕಿತ್ತು. ಕೊಡಲಿಲ್ಲ.

ನಿನ್ನ ತಪ್ಪಿಲ್ಲ ಅಂತ ಅಪ್ಪನಿಗೆ ವಿವರವಾಗಿ ಬರೆದೆ. ಪತ್ರ ಒಡೆಯದೆ ಹಾಗೇ ವಾಪಸ್ಸು ಬಂತು. ಮತ್ತೆ ಬರೆದೆ. ಅದೂ ಬಂತು. ಇನ್ನೂ ಬರೆಯುತ್ತೇನೆ.

ಬೈದಾದರೂ ಬರೆಯೇ, ತಾಯಿ.

ಅಜ್ಜಿ

*

ಜೂನ್ 9

ಅಜ್ಜಿಯವರಿಗೆ,

ನಮಸ್ಕಾರಗಳು. ನಾವೆಲ್ಲರೂ ಕ್ಷೇಮ. ನಿಮ್ಮ ಪತ್ರಗಳು ತಲುಪಿದವು. ಸ್ವೆಟರ್ ಕೂಡ ತಲುಪಿತು, ತೋಳು ಗಿಡ್ಡವಾಗಿದೆ.

ಅಪ್ಪನಿಗೆ ಈಗ ಡಿಪೋದಲ್ಲಿ, ಬಸ್ಸುಗಳಲ್ಲಿ ಜನ ಮರೆತುಹೋದ ಸಾಮಾನು ಇಡುವ ಕೋಣೆಯಲ್ಲಿ ಕೆಲಸ. ಕೊಡೆಗಳನ್ನು ಹಿಡಿ ಮುಟ್ಟಿಯೇ ಇದು ಯಾರದು ಅಂತ ಹೇಳುತ್ತಾರಂತೆ. ಅವರ ಕಣ್ಣು ಕನ್ನಡಕದಿಂದ ಸರಿಹೋಗುವಂಥದ್ದಲ್ಲ ಅಂತ ದೊಡ್ಡಾಸ್ಪತ್ರೆಯಲ್ಲಿ ಹೇಳಿದರು. ಈಗ ಎಲ್ಲರಿಗೂ ಗೊತ್ತು, ಆದ್ದರಿಂದ ಅಪ್ಪ ಮನೆಯಲ್ಲಿ ಗೋಡೆ ಮುಟ್ಟಿಕೊಂಡೇ ಓಡಾಡುತ್ತಾರೆ. ನಾನು ಕೈ ಕೊಡಲು ಹೋದರೆ ಗೋಡೆಯೇ ಸಾಕು ಅನ್ನುತ್ತಾರೆ.

ಅಪ್ಪ ನಿಮ್ಮ ಪತ್ರ ಒಡೆಯದೆ ಇದ್ದದ್ದರಿಂದ ನಾನೇ ಹೇಳಿದೆ. “ಅಪ್ಪಾ, ನಾನು ಗುಟ್ಟು ಹೇಳಲಿಲ್ಲ. ಕುಂಟಾಟ ಬರೆದು ಕಳಿಸಿದೆ. ಅಜ್ಜಿಗೆ ಗೊತ್ತಾಗುತ್ತೆ ಅಂತ ನನಗೆ ಗೊತ್ತಿರಲಿಲ್ಲ.” ಅಪ್ಪ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದರು. “ಗೊತ್ತಿರಲಿಲ್ವಾ?” ಅಂತ ಮಾತ್ರ ಕೇಳಿ ಹೊರಟುಹೋದರು. ಆಮೇಲೆ ಎಷ್ಟೋ ದಿನ ನಾನು ಅದನ್ನೇ ಯೋಚನೆ ಮಾಡಿದೆ. ಬಳೆಗೂ ಬಾಗಿಲಿಗೂ ನೀವು ಗಂಟು ಹಾಕಿದ್ದನ್ನು ಓದಿದ ಮೇಲೇ ನಾನು ಕುಂಟಾಟದ ಮಾತೆತ್ತಿದ್ದು. ಗೊತ್ತಿತ್ತೋ ಏನೋ. ಈಗ ನನಗೇ ತಿಳಿಯುತ್ತಿಲ್ಲ.

ಹೋದ ವಾರ ನಮ್ಮ ಶಾಲೆಯಲ್ಲಿ ಎಲ್ಲರ ಕಣ್ಣು ಪರೀಕ್ಷೆ ಮಾಡಿದರು. ಅದೇ ಹಾಳೆ. ನರ್ಸ್ ಕೋಲು ಇಟ್ಟು ತೋರಿಸುವುದಕ್ಕೆ ಮೊದಲೇ ಬಲ, ಕೆಳಗೆ, ಎಡ ಎಲ್ಲ ಬಾಯಿಗೆ ಬಂದುಬಿಡುತ್ತಿತ್ತು. ಉಂಗುರ ಕಾಣುತ್ತಿದೆಯೋ ನೆನಪಿನಿಂದ ಬರುತ್ತಿದೆಯೋ ಎಷ್ಟು ನೋಡಿದರೂ ಗೊತ್ತಾಗಲಿಲ್ಲ. ಬಾಯಿಪಾಠ ಒಪ್ಪಿಸುತ್ತಿದ್ದೇನೆ ಅಂದುಕೊಳ್ಳುತ್ತಾರೆ ಅಂತ ಭಯವಾಯಿತು. ಅದಕ್ಕೇ ಕಾಣುವುದಿಲ್ಲ ಅಂದೆ. ಕನ್ನಡಕ ಬೇಕು ಅಂತ ಚೀಟಿ ಕೊಟ್ಟು ಕಳಿಸಿದರು. ಅಮ್ಮ ಚೀಟಿ ನೋಡಿ, “ಇವಳಿಗೂ ಬಂತಾ” ಅಂತ ಅತ್ತರು. ನಾನು ಏನೂ ಹೇಳಲಿಲ್ಲ. ನಾನು ಹೇಳಿದರೆ ಯಾರಿಗೆ ಏನಾಗುತ್ತದೋ.

ನೀವು ಮಾಡಿದ್ದು ಸರಿ ಅಂತ ಅಮ್ಮ ಹೇಳುತ್ತಾರೆ. ಆಸ್ಪತ್ರೆಯ ಆಯಾಗಳೂ ಹಾಗೇ ಹೇಳುತ್ತಾರೆ. ನನಗೂ ಸರಿ ಅನ್ನಿಸುತ್ತದೆ. ಆದರೂ ನಿಮಗೆ ಇನ್ನು ನಾನು ಏನನ್ನೂ ಬರೆಯುವುದಿಲ್ಲ.

ಕೊನೆಯ ಗಂಟು: ಅಪ್ಪ ಮತ್ತು ನೀವು. ನೀವು ಕಷ್ಟಪಡಬೇಡಿ, ನಾನೇ ಹಾಕಿದ್ದೇನೆ. ನೋಡುವುದಕ್ಕೆ ಇಬ್ಬರಿಗೂ ನನ್ನ ಕಣ್ಣು ಬೇಕಾಗಿತ್ತು. ನೋಡಿಯಾದ ಮೇಲೆ ಇಬ್ಬರೂ ನನ್ನ ಕಡೆ ನೋಡಲಿಲ್ಲ.

ಇಂತಿ,
ನಿಮ್ಮ ಮೊಮ್ಮಗಳು